ಕಾಲೇಜು ಕಾರಣ ಹೇಳಿಲ್ಲ, ಮನೇಲಿ ಕಾರಣ ಕಟ್ಬೇಡಿ

ಈ ತಿಂಗಳು ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಹೆಚ್ಚು ಒಂದೇ ವಿಷಯದ್ದು, ಮಕ್ಕಳ ಕಾಲೇಜು ಅರ್ಜಿಗೆ ಬಂದ ಉತ್ತರದ್ದು, ಅಮೆರಿಕದಲ್ಲಿರೋ ನಮ್ಮವರ ಮನೆಗಳಿಂದ ಬಂದಿರೋದು, ಹಾಗಾಗಿ ಬೇರೆ ಪ್ರಶ್ನೆಗಳನ್ನೆಲ್ಲ ಮುಂದಿನ ಸಂಚಿಕೆಗೆ ಎತ್ತಿಟ್ಟು ಇವನ್ನೇ ತಗೊಂಡಿದ್ದೀನಿ. ಗೊತ್ತಿಲ್ಲದವರಿಗೆ ಒಂದೆರಡು ಮಾತು. ಅಲ್ಲಿ ಹನ್ನೆರಡನೇ ಕ್ಲಾಸಿನ ಮಕ್ಕಳು ಹೆಚ್ಚಿನ ದೊಡ್ಡ ಕಾಲೇಜುಗಳಿಗೆ ಜನವರಿ ಮೊದಲ ವಾರದೊಳಗೆ ಅರ್ಜಿ ಹಾಕಿ ಮಾರ್ಚ್ ಕೊನೆ ತನಕ ಕಾಯ್ತಾರೆ. ಅದಕ್ಕೂ ಮುಂಚೆ ನವೆಂಬರ್ 1ರ ಹೊತ್ತಿಗೆ 'ಅರ್ಲಿ' ಹಾಕೋಕೆ ಅವಕಾಶ ಇದೆ, ಅದರ ಉತ್ತರ ಡಿಸೆಂಬರ್ ಮಧ್ಯದಲ್ಲೇ ಬರತ್ತೆ. ಅರ್ಲಿ ಡಿಸಿಷನ್ ಅಂದ್ರೆ ಸೀಟು ಕೊಟ್ರೆ ಅಲ್ಲಿಗೇ ಸೇರ್ತೀನಿ ಅಂತ ಒಪ್ಪಂದ, ಮಗು, ಅಪ್ಪ ಅಮ್ಮ, ಸ್ಕೂಲಿನ ಕೌನ್ಸೆಲರ್ ಎಲ್ಲರ ಸಹಿ ಬೇಕು. ಅರ್ಲಿ ಆ್ಯಕ್ಷನ್ ಅಂದ್ರೆ ಉತ್ತರ ಬೇಗ ಬರತ್ತೆ ಆದ್ರೆ ಮೇ 1ರ ತನಕ ಯೋಚನೆ ಮಾಡಬಹುದು. ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಸ್ಟ್ಯಾನ್‌ಫರ್ಡ್ ಈ ಎರಡರ ಮಧ್ಯದವು, ಸೇರಲೇಬೇಕು ಅಂತ ಇಲ್ಲ ಆದ್ರೆ ಅದೇ ಹೊತ್ತಿಗೆ ಬಹುಮಟ್ಟಿಗೆ ಇನ್ನೊಂದು ಖಾಸಗಿ ಕಾಲೇಜಿಗೆ ಅರ್ಲಿ ಹಾಕೋ ಹಾಗಿಲ್ಲ. ಉತ್ತರ ಮೂರು ಥರ: ಸೀಟು ಇದೆ, ಇಲ್ಲ, ಅಥವಾ ಡಿಫರ್. ಡಿಫರ್ ಅಂದ್ರೆ ಮಾರ್ಚ್‌ನಲ್ಲಿ ಉಳಿದವರ ಜೊತೆ ಮತ್ತೊಂದು ಸಲ ನೋಡ್ತೀವಿ ಅಂತ. ಪತ್ರಗಳಲ್ಲಿ ಬರೋ ಸೀನಿಯರ್ ಅಂದ್ರೆ ಹನ್ನೆರಡನೇ ಕ್ಲಾಸಿನವರು, ಎಪಿ ಅಂದ್ರೆ ಹೈಸ್ಕೂಲಲ್ಲೇ ಓದೋ ಕಾಲೇಜು ಮಟ್ಟದ ಪಾಠ, ಎಸ್ಸೆ ಅಂದ್ರೆ ಅರ್ಜಿ ಜೊತೆ ಬರೆದು ಕೊಡೋ ಪ್ರಬಂಧ.

ಪ್ರಶ್ನೆ: ಅಕ್ಕಾ ನಮಸ್ಕಾರ. ನ್ಯೂಜೆರ್ಸಿಗೆ ಬಂದು ಹದಿನೆಂಟು ವರ್ಷ ಆಯ್ತು. ಮಗ ಈಗ ಸೀನಿಯರ್. ಒಂದು ದೊಡ್ಡ ಕಾಲೇಜಿಗೆ ಅರ್ಲಿ ಡಿಸಿಷನ್ ಹಾಕಿದ್ದ, ಒಂಬತ್ತನೇ ಕ್ಲಾಸಿಂದ ಅದೊಂದೇ ಕನಸು, ಅದರ ಹೆಸರಿರೋ ಹೂಡಿ ಹಾಕ್ಕೊಂಡೇ ಓಡಾಡ್ತಿದ್ದ. ಹೋದ ಗುರುವಾರ ಸಂಜೆ ಏಳಕ್ಕೆ ಪೋರ್ಟಲ್ ತೆಗೆದ, ನಾನು, ಇವರು, ಮಗಳು ಎಲ್ಲ ಕುರ್ಚಿ ಹಿಂದೆ ನಿಂತಿದ್ವಿ, ಇಲ್ಲ ಅಂತ ಬಂತು. ಡಿಫರ್ ಕೂಡ ಅಲ್ಲ. ನಂಗೆ ತಡ್ಕೊಳ್ಳೋಕಾಗದೆ ಅಲ್ಲೇ ಅತ್ತುಬಿಟ್ಟೆ. ಅವನು ಲ್ಯಾಪ್‌ಟಾಪ್ ಮುಚ್ಚಿ 'ಸಾರಿ ಅಮ್ಮ' ಅಂದು ರೂಮಿಗೆ ಹೋದ. ಇವರು ಅವತ್ತಿಂದ ಹತ್ತನೇ ಕ್ಲಾಸಲ್ಲಿ ಆ ಎಪಿ ಫಿಸಿಕ್ಸ್ ಬಿಟ್ಟಿದ್ದೇ ತಪ್ಪಾಯ್ತು ಅಂತ ದಿನಕ್ಕೆ ನಾಲ್ಕು ಸಲ ಹೇಳ್ತಿದ್ದಾರೆ. ಐದು ದಿನ ಆಯ್ತು, ಸ್ಕೂಲಿಗೆ ಹೋಗಿ ಬರ್ತಾನೆ, ಊಟ ರೂಮಿಗೇ ತಗೊಂಡು ಹೋಗ್ತಾನೆ. ಜನವರಿ 1ಕ್ಕೆ ಇನ್ನೂ ಒಂಬತ್ತು ಕಾಲೇಜಿನ ಎಸ್ಸೆ ಬಾಕಿ ಇದೆ. ಏನ್ ಮಾಡ್ಲಿ?
ಒಬ್ಬ ತಾಯಿ, ನ್ಯೂಜೆರ್ಸಿ

ಉತ್ತರ: ನಿಮ್ಮ ಪತ್ರದಲ್ಲಿ ನಾನು ನಿಂತುಬಿಟ್ಟಿದ್ದು ಆ 'ಸಾರಿ ಅಮ್ಮ' ಅನ್ನೋ ಜಾಗದಲ್ಲಿ. ಹದಿನೇಳು ವರ್ಷದ ಹುಡುಗ, ತನ್ನ ನಾಲ್ಕು ವರ್ಷದ ಆಸೆ ಎದುರಿಗೇ ಮುರಿದು ಬಿದ್ದಿರೋ ಆ ಒಂದು ನಿಮಿಷದಲ್ಲಿ ಅವನು ನೋಡಿದ್ದು ನಿಮ್ಮ ಮುಖ, ಹೇಳಿದ್ದು ನಿಮಗೆ ಸಮಾಧಾನ. ನೀವು ಅತ್ತಿದ್ದು ತಪ್ಪು ಅಂತ ನಾನು ಹೇಳ್ತಿಲ್ಲ, ನಾನೂ ಅತ್ತಿದ್ದೀನಿ, ತಾಯಿ ಅಳದೆ ಇನ್ಯಾರು ಅಳ್ತಾರೆ. ಆದ್ರೆ ಆ ಸಾರಿ ಅವನ ಮೇಲೆ ಸಾಲದ ಥರ ಉಳ್ಕೊಂಡಿದೆ, ಅದನ್ನ ಇಳಿಸ್ಬೇಕಾಗಿರೋದು ನೀವೇ. ಇವತ್ತು ರಾತ್ರಿನೇ ಹೋಗಿ, ಬಾಗಿಲು ತಟ್ಟಿ, ನಿಂತ್ಕೊಂಡೇ ಹೇಳಿ, 'ನೀನು ನನಗೆ ಸಾರಿ ಹೇಳ್ಬೇಕಾಗಿದ್ದು ಏನೂ ಇಲ್ಲ ಕಣೋ, ನಾನು ಅತ್ತಿದ್ದು ನಿನಗೆ ನೋವಾಯ್ತಲ್ಲ ಅಂತ, ನನಗೆ ಬೇಜಾರಾಯ್ತು ಅಂತಲ್ಲ.' ಅಷ್ಟೇ. ಅವನು ಮಾತಾಡದಿದ್ರೂ ಪರವಾಗಿಲ್ಲ, ಹೇಳಿ ಬಂದುಬಿಡಿ. ಅದರ ಬೆನ್ನಿಗೇ ಎಸ್ಸೆ ವಿಷಯ ಮಾತ್ರ ಎತ್ತಬೇಡಿ.

ಈಗ ನಿಮ್ಮ ಯಜಮಾನರ ಎಪಿ ಫಿಸಿಕ್ಸ್. ಇದನ್ನ ಸ್ವಲ್ಪ ವಿವರವಾಗಿ ಬರೀತೀನಿ, ಯಾಕಂದ್ರೆ ಈ ತಿಂಗಳು ಬಂದ ಎಲ್ಲ ಪತ್ರದಲ್ಲೂ ಇದರ ಒಂದು ರೂಪ ಇದೆ, ಒಬ್ಬರ ಮನೇಲಿ ಫಿಸಿಕ್ಸ್, ಇನ್ನೊಬ್ಬರ ಮನೇಲಿ ಪಿಟೀಲು ಕ್ಲಾಸ್ ಬಿಟ್ಟಿದ್ದು, ಮತ್ತೊಬ್ಬರ ಮನೇಲಿ ಎಸ್‌ಎಟಿ ಅನ್ನೋ ಪ್ರವೇಶ ಪರೀಕ್ಷೆ ಮೂರನೇ ಸಲ ಬರೀದೇ ಇದ್ದಿದ್ದು. ನಾವೆಲ್ಲ ಸಿಇಟಿ, ಐಐಟಿ ಜೆಇಇ ನೋಡ್ಕೊಂಡು ಬೆಳೆದವರು. ಅಲ್ಲಿ ರ್‍ಯಾಂಕ್ ಅಂತ ಒಂದು ಬರತ್ತೆ, ಕಟ್‌ಆಫ್ ಅಂತ ಒಂದು ಇರತ್ತೆ, ಸೀಟು ಸಿಗ್ಲಿಲ್ಲ ಅಂದ್ರೆ ಎಷ್ಟು ಮಾರ್ಕ್ಸಿಗೆ ತಪ್ಪಿತು, ಯಾವ ಸಬ್ಜೆಕ್ಟಲ್ಲಿ ಹೋಯ್ತು ಅಂತ ಬೆರಳಿಟ್ಟು ತೋರಿಸಬಹುದು. ಅಮೆರಿಕದ ಈ ಕಾಲೇಜುಗಳು ರ್‍ಯಾಂಕೂ ಕೊಡಲ್ಲ, ಕಟ್‌ಆಫೂ ಹೇಳಲ್ಲ, ಒಬ್ಬೊಬ್ಬ ವಿದ್ಯಾರ್ಥಿಗೂ ಯಾಕೆ ಬೇಡ ಅಂದ್ವಿ ಅಂತ ಕಾರಣ ಬರೆದು ಕಳಿಸಲ್ಲ. 2024ರಲ್ಲಿ ಹಾರ್ವರ್ಡ್‌ಗೆ ಒಟ್ಟು 54,008 ಅರ್ಜಿ ಬಂದಿತ್ತು, ಸೀಟು ಕೊಟ್ಟಿದ್ದು 1,937 ಜನಕ್ಕೆ. ಉಳಿದ ಐವತ್ತೆರಡು ಸಾವಿರ ಚಿಲ್ಲರೆ ಮಕ್ಕಳಲ್ಲಿ ಎಲ್ಲ ಎಪಿ ಮುಗಿಸಿದವರು, ಪೂರ್ತಿ ಮಾರ್ಕ್ಸ್ ತೆಗೆದವರು ಎಷ್ಟು ಜನ ಇದ್ದಿರಬಹುದು ಯೋಚಿಸಿ. ಮೇಲಿಂದ ಅವರು ಒಬ್ಬೊಬ್ಬರನ್ನೇ ಮಾರ್ಕ್ಸ್ ಲೆಕ್ಕದಲ್ಲಿ ಸಾಲಾಗಿ ನಿಲ್ಲಿಸಿ ಆರಿಸೋದಲ್ಲ, ಒಂದು ಇಡೀ ತರಗತಿ ಕಟ್ತಾರೆ, ಅದರಲ್ಲಿ ಕ್ರೀಡಾಪಟುಗಳು ಬೇಕು, ಓಬೋ ಅನ್ನೋ ವಾದ್ಯ ನುಡಿಸೋರು ಬೇಕು, ಲ್ಯಾಟಿನ್ ಓದೋರು ಬೇಕು, ಬೇರೆ ಬೇರೆ ರಾಜ್ಯದವರು ಬೇಕು. ಕೋಚ್‌ಗಳು ಮೊದಲೇ ಆರಿಸಿಟ್ಟ ಆಟಗಾರರು ಸಾಮಾನ್ಯವಾಗಿ ಈ ಅರ್ಲಿ ಸುತ್ತಲ್ಲೇ ಬರ್ತಾರೆ, ಹಾಗಾಗಿ ಅರ್ಲಿಯಲ್ಲಿ ಶೇಕಡಾವಾರು ಹೆಚ್ಚು ಅಂತ ನಾವು ನೋಡೋ ಅಂಕಿ ನಮ್ಮ ಮಗುವಿನ ಅವಕಾಶದ ಅಂಕಿ ಅಲ್ಲ.

ಕಾಲೇಜು ಕಾರಣ ಹೇಳಿಲ್ಲ. ಅಂದ್ಮೇಲೆ ಫಿಸಿಕ್ಸ್ ಅನ್ನೋ ಕಾರಣ ಎಲ್ಲಿಂದ ಬಂತು? ನಿಮ್ಮ ಡೈನಿಂಗ್ ಟೇಬಲ್ ಮೇಲೆ ತಯಾರಾಯ್ತು. ಕಾಲೇಜಿನ ಪತ್ರ ಅವನು ಎರಡು ವರ್ಷದಲ್ಲಿ ಮರೀತಾನೆ, ಅಪ್ಪ ಕಟ್ಟಿದ ಕಾರಣ ಮರೆಯಲ್ಲ. ಇದನ್ನ ನಾನು ಪುಸ್ತಕ ಓದಿ ಹೇಳ್ತಿಲ್ಲ. ನನ್ನ ಮಗಳ ವರ್ಷ ಅವಳಿಗೆ ಇಲ್ಲ ಅಂತ ಬಂದಾಗ ನಾನು 'ಆ ಎಸ್ಸೆ ಬೇಡ ಅಂತ ಅವತ್ತೇ ಹೇಳಿದ್ದೆ' ಅಂದಿದ್ದೆ, ಒಂದೇ ಸಲ, ಜೋರಾಗೂ ಅಲ್ಲ. ಆ ಎಸ್ಸೆ ಅವಳು ಅವಳ ಅಜ್ಜಿ ಬಗ್ಗೆ ಬರೆದಿದ್ದು. ಓದು ಮುಗಿದು ಕೆಲಸಕ್ಕೆ ಸೇರಿದ ಮೇಲೆ ಒಂದಿನ ಕಾರಲ್ಲಿ ಹೋಗ್ತಾ ಸುಮ್ಮನೆ ಹೇಳಿದಳು, 'ಅಮ್ಮ, ಅದಾದ್ಮೇಲೆ ನಾನು ಅಜ್ಜಿ ಬಗ್ಗೆ ಏನೂ ಬರೆದಿಲ್ಲ' ಅಂತ. ಅವತ್ತು ನನಗಾದ ಸಂಕಟ ಯಾವ ಕಾಲೇಜಿನ ಪತ್ರದಿಂದಲೂ ಆಗಿರ್ಲಿಲ್ಲ. ಅದಕ್ಕೇ ನಿಮ್ಮ ಯಜಮಾನರಿಗೆ ಈ ಪುಟ ತೋರಿಸಿ, ಅವರು ಕೆಟ್ಟವರಲ್ಲ, ಕಾರಣ ಸಿಕ್ಕಿದ್ರೆ ಮನಸ್ಸಿಗೆ ಒಂದು ಹಿಡಿ ಸಿಕ್ಕ ಹಾಗಾಗತ್ತೆ ಅಂತ ಹುಡುಕ್ತಿದ್ದಾರೆ, ಮಗನ ಕಿವಿಗೆ ಬೀಳೋ ಹಾಗೆ ಮಾತ್ರ ಬೇಡ.

ಇನ್ನು ಆ ಒಂಬತ್ತು ಎಸ್ಸೆ. ಐದು ದಿನ ಅವನಿಗೆ ಬೇಕಿತ್ತು, ಕೊಟ್ಟಿದ್ದೀರಿ, ಒಳ್ಳೇದಾಯ್ತು. ಈಗ ನಿಧಾನಕ್ಕೆ ಶುರು ಮಾಡ್ಬೇಕು, ಆದ್ರೆ ಶುರು ಮಾಡೋ ಮುಂಚೆ ಪಟ್ಟಿ ಕಡಿಮೆ ಮಾಡೋಕಾಗತ್ತಾ ನೋಡಿ. ಇಲ್ಲ ಅಂತ ಬಂದ ಗಾಬರಿಯಲ್ಲಿ ಜನ ಪಟ್ಟಿ ಉದ್ದ ಮಾಡ್ತಾರೆ, ಒಂದೇ ಅರ್ಜಿನ ಹಲವು ಕಾಲೇಜಿಗೆ ಕಳಿಸೋ ಕಾಮನ್ ಆಪ್ ಅನ್ನೋ ಸೈಟು 20 ಕಾಲೇಜಿನ ತನಕ ಬಿಡತ್ತೆ ಅಂತ ಇಪ್ಪತ್ತಕ್ಕೂ ಹಾಕ್ತಾರೆ, ಅದೂ ಎಲ್ಲ ಅದೇ ನೂರಕ್ಕೆ ಐದು ಜನಕ್ಕೆ ಸೀಟು ಕೊಡೋ ಕಾಲೇಜುಗಳು. ನೋವಲ್ಲಿರೋ ಹುಡುಗ ಒಂಬತ್ತು ಸುಮಾರಾದ ಎಸ್ಸೆ ಬರೆಯೋದಕ್ಕಿಂತ ಐದು ಚೆನ್ನಾಗಿ ಬರೀಲಿ, ಅದರಲ್ಲಿ ಎರಡಾದ್ರೂ ಅವನಿಗೆ ಖಂಡಿತ ಸಿಗೋ ಅಂಥ, ಸಿಕ್ಕಿದ್ರೆ ಅವನು ಖುಷಿಯಿಂದ ಹೋಗೋ ಅಂಥ ಕಾಲೇಜು ಇರ್ಲಿ. ನಿಮ್ಮ ರಾಜ್ಯದ ಸರ್ಕಾರಿ ಯೂನಿವರ್ಸಿಟಿನ 'ಸೇಫ್ಟಿ' (ಬೇರೆಲ್ಲೂ ಸಿಗದಿದ್ರೆ ಇರ್ಲಿ ಅನ್ನೋ ಕಾಲೇಜು) ಅಂತ ಮುಖ ಸಿಂಡರಿಸಿ ಹೇಳೋದನ್ನ ಮನೇಲಿ ನಿಲ್ಲಿಸಿ, ಏಪ್ರಿಲ್‌ನಲ್ಲಿ ಅವನು ಅಲ್ಲಿಗೇ ಹೋಗೋ ಹಾಗಾದ್ರೆ ಆ ಮುಖ ಅವನಿಗೆ ನೆನಪಿರತ್ತೆ. ಮೊದಲನೇ ಎಸ್ಸೆ ಅವನಿಗೆ ಸುಲಭ ಅನ್ಸಿದ್ದು ಯಾವುದೋ ಅದರಿಂದ ಶುರುವಾಗ್ಲಿ. ಸ್ಕೂಲ್ ರಜಕ್ಕೆ ಮುಚ್ಚೋ ಮುಂಚೆ ಕೌನ್ಸೆಲರ್ ಹತ್ತಿರ ಅವನೇ ಒಂದು ಸಲ ಮಾತಾಡ್ಲಿ, ಆಮೇಲೆ ಅವರು ಜನವರಿ ತನಕ ಸಿಗದೇ ಇರಬಹುದು.

ಒಂದು ವಿಷಯ ಮಾತ್ರ ಗಮನ ಇರ್ಲಿ. ಬೇಜಾರು ಬೇರೆ, ಅಪಾಯ ಬೇರೆ. ನಿದ್ದೆ ಪೂರ್ತಿ ಹೋಗಿದ್ರೆ, ಊಟ ಬಿಟ್ಟಿದ್ರೆ, ಫ್ರೆಂಡ್ಸ್ ಹತ್ರಾನೂ ಮಾತು ನಿಲ್ಸಿದ್ರೆ, ನಾನಿದ್ದು ಏನು ಪ್ರಯೋಜನ ಅನ್ನೋ ಥರ ಒಂದು ಮಾತು ಬಂದ್ರೂ ಕಾಯ್ಬೇಡಿ. ನೇರವಾಗೇ ಕೇಳಿ, 'ಸಾಯೋ ಯೋಚನೆ ಬರ್ತಿದೆಯಾ' ಅಂತ, ಕೇಳೋದ್ರಿಂದ ಆ ಯೋಚನೆ ಹುಟ್ಟಲ್ಲ. ಅಮೆರಿಕದಲ್ಲಿ 988 ಅನ್ನೋ ಸಹಾಯವಾಣಿಗೆ ಹಗಲು ರಾತ್ರಿ ಯಾವಾಗ ಬೇಕಾದ್ರೂ ಫೋನ್ ಮಾಡಬಹುದು, ಮೆಸೇಜೂ ಮಾಡಬಹುದು, ಅವನೂ ಮಾಡಬಹುದು, ನೀವೂ ಮಾಡಬಹುದು. ಜೊತೆಗೆ ಮಕ್ಕಳ ಡಾಕ್ಟರಿಗೂ ಹೇಳಿ. ನಾಚಿಕೆ ಪಡೋ ವಿಷಯ ಅಲ್ಲ ಇದು.

ಪ್ರಶ್ನೆ: ನಮಸ್ತೆ ಆಂಟಿ, ನನ್ನ ಕನ್ನಡ ಅಷ್ಟು ಚೆನ್ನಾಗಿಲ್ಲ, ಅಮ್ಮ ತಿದ್ದಿ ಕೊಟ್ಟಿದ್ದಾರೆ. ನಾನು ಕ್ಯಾಲಿಫೋರ್ನಿಯಾದಲ್ಲಿ ಸೀನಿಯರ್. ಅರ್ಲಿ ಹಾಕಿದ್ದೆ, ಡಿಫರ್ ಆಯ್ತು. ರಿಜೆಕ್ಟ್ ಆಗಿದ್ರೆ ಅತ್ತು ಮುಗಿಸ್ತಿದ್ದೆ, ಇದು ಏನು ಅಂತಾನೇ ಗೊತ್ತಾಗ್ತಿಲ್ಲ. ಹೋಪ್ ಇಟ್ಕೋಬೇಕಾ ಬೇಡ್ವಾ? ಅಪ್ಪ ಹೇಳ್ತಾರೆ ಇನ್ನೂ ಮೂರು ರೆಕಮೆಂಡೇಷನ್ ಕಳಿಸು, ಕ್ಯಾಂಪಸ್‌ಗೆ ಹೋಗಿ ಭೇಟಿ ಮಾಡೋಣ ಅಂತ.
ಹದಿನೇಳರ ಹುಡುಗಿ, ಬೇ ಏರಿಯಾ

ಉತ್ತರ: ನಿನ್ನ ಕನ್ನಡ ಚೆನ್ನಾಗೇ ಇದೆ ಪುಟ್ಟಾ. ಹೌದು, ಡಿಫರ್ ಅನ್ನೋದು ಅಳೋಕೂ ಬಿಡಲ್ಲ ನಗೋಕೂ ಬಿಡಲ್ಲ. ಅದಕ್ಕೆ ಒಂದು ಕಾರಣ ಏನಂದ್ರೆ ಆ ಪದಕ್ಕೆ ಎಲ್ಲಾ ಕಡೆ ಒಂದೇ ಅರ್ಥ ಇಲ್ಲ. 2023ರ ಡಿಸೆಂಬರ್‌ನಲ್ಲಿ ಹಾರ್ವರ್ಡ್‌ಗೆ ಅರ್ಲಿ ಹಾಕಿದವರು 7,921 ಮಕ್ಕಳು, ಸೀಟು ಸಿಕ್ಕಿದ್ದು 692 ಜನಕ್ಕೆ, ಡಿಫರ್ ಆಗಿದ್ದು ನೂರಕ್ಕೆ 80ಕ್ಕೂ ಹೆಚ್ಚು ಜನ. ಅದೇ ವರ್ಷ ಯೇಲ್‌ಗೆ 7,856 ಜನ ಹಾಕಿದ್ರು, 709 ಜನಕ್ಕೆ ಸಿಕ್ತು, ಆದ್ರೆ ಅಲ್ಲಿ ಡಿಫರ್ ಮಾಡಿದ್ದು ನೂರಕ್ಕೆ ಸುಮಾರು 20 ಜನರನ್ನ ಮಾತ್ರ, ಉಳಿದ ಬಹುತೇಕರಿಗೆ ಅವತ್ತೇ ಇಲ್ಲ ಅಂತ ಹೇಳಿಬಿಟ್ರು. ಬಂದ ಅರ್ಜಿ ಹೆಚ್ಚು ಕಡಿಮೆ ಒಂದೇ, ಕೊಟ್ಟ ಸೀಟೂ ಹೆಚ್ಚು ಕಡಿಮೆ ಒಂದೇ, ಡಿಫರ್ ಅನ್ನೋ ಮಾತು ಮಾತ್ರ ಒಂದು ಕಡೆ ಬಹುತೇಕ ಎಲ್ಲರಿಗೂ, ಇನ್ನೊಂದು ಕಡೆ ಐವರಲ್ಲಿ ಒಬ್ಬರಿಗೆ. ಸ್ಟ್ಯಾನ್‌ಫರ್ಡ್ ಡಿಫರ್ ಮಾಡೋದು ಇನ್ನೂ ಕಡಿಮೆ. ಹಾಗಾಗಿ ನಿನ್ನ ಕಾಲೇಜು ಹಿಂದಿನ ವರ್ಷಗಳಲ್ಲಿ ಎಷ್ಟು ಜನಕ್ಕೆ ಹೀಗೆ ಹೇಳಿತ್ತು ಅಂತ ಅವರೇ ಹೇಳಿದ್ರೆ ಅದನ್ನ ನೋಡ್ಕೋ, ಆಗ ನಿನ್ನ ಹೋಪ್ ಎಷ್ಟು ದೊಡ್ಡದಿರಬೇಕು ಅಂತ ಗೊತ್ತಾಗತ್ತೆ. ನಾನಾದ್ರೆ ಒಂದು ಸಣ್ಣ ಆಸೆ ಇಟ್ಕೊಂಡು ಮನಸ್ಸನ್ನ ಬೇರೆ ಕಾಲೇಜುಗಳ ಕಡೆ ತಿರುಗಿಸ್ತೀನಿ.

ಮಾಡಬೇಕಾಗಿರೋದು ಜಾಸ್ತಿ ಏನಿಲ್ಲ. ಮೊದಲು ಆ ಪೋರ್ಟಲ್‌ನಲ್ಲಿ ಡಿಫರ್ ಆದವರಿಗೆ ಅಂತ ಏನು ಬರ್ದಿದ್ದಾರೆ ಅಂತ ಪೂರ್ತಿ ಓದು. ಕೆಲವರು ಪತ್ರ ಬರೀರಿ ಅಂತಾರೆ, ಕೆಲವರು ಏನೂ ಕಳಿಸ್ಬೇಡಿ ಅಂತಾರೆ, ಎಂಐಟಿ ಫೆಬ್ರವರಿಯಲ್ಲಿ ತನ್ನದೇ ಒಂದು ಫಾರ್ಮ್ ತುಂಬಿಸತ್ತೆ. ಅವರು ಬೇಡ ಅಂದಿದ್ರೆ ಬೇಡ. ಬರೆಯಬಹುದು ಅಂದಿದ್ರೆ ಒಂದು ಪುಟಕ್ಕಿಂತ ಹೆಚ್ಚು ಬೇಡ, ನವೆಂಬರ್ ಆದ್ಮೇಲೆ ಹೊಸದಾಗಿ ಏನಾಯ್ತೋ ಅದು ಮಾತ್ರ, ಹಳೇ ಎಸ್ಸೆಯಲ್ಲಿ ಹೇಳಿದ್ದನ್ನ ಮತ್ತೆ ಹೇಳ್ಬೇಡ, ಯಾಕೆ ತಗೊಳ್ಳಿಲ್ಲ ಅಂತ ವಾದ ಮಾಡ್ಬೇಡ. ಈಗಲೂ ಅದೇ ನಿನ್ನ ಮೊದಲ ಆಯ್ಕೆ ಆಗಿದ್ರೆ ಅದನ್ನ ಒಂದೇ ಸಾಲಲ್ಲಿ ನೇರವಾಗಿ ಬರಿ, ಆಗಿಲ್ಲ ಅಂದ್ರೆ ಬರೀಬೇಡ, ಆಗಿಲ್ಲದೇ ಇರೋದೂ ತಪ್ಪಲ್ಲ, ಈ ಎರಡು ವಾರದಲ್ಲಿ ಎಷ್ಟೋ ಮಕ್ಕಳಿಗೆ ಮನಸ್ಸು ಬದಲಾಗತ್ತೆ. ಅರ್ಧ ವರ್ಷದ ಮಾರ್ಕ್ಸ್ ಸ್ಕೂಲಿಂದ ಹೋಗತ್ತೆ, ಅದನ್ನ ಅವರು ನಿಜವಾಗ್ಲೂ ನೋಡ್ತಾರೆ, ಹಾಗಾಗಿ ಕ್ಲಾಸ್‌ನ ಕೈ ಬಿಡ್ಬೇಡ. ಅಪ್ಪನಿಗೆ ಹೇಳು, ಮೂರು ರೆಕಮೆಂಡೇಷನ್ ಬೇಡ, ವಿಮಾನ ಹತ್ತಿ ಹೋಗೋದು ಬೇಡ, ಅವರು ಆಫೀಸಿಗೆ ಫೋನ್ ಮಾಡೋದಂತೂ ಬೇಡವೇ ಬೇಡ. ಅಪ್ಪನಿಗೆ ಏನಾದ್ರೂ ಮಾಡ್ಲೇಬೇಕು ಅನ್ಸಿದ್ರೆ ಜನವರಿ ಮೊದಲ ವಾರದ ಡೆಡ್‌ಲೈನ್‌ಗಳನ್ನ ಕ್ಯಾಲೆಂಡರಲ್ಲಿ ಬರ್ದು ಗೋಡೆಗೆ ಹಾಕ್ಲಿ.

ನೀನು ಕ್ಯಾಲಿಫೋರ್ನಿಯಾದಲ್ಲಿದ್ದೀಯ, ಯುಸಿ, ಅಂದ್ರೆ ನಿಮ್ಮ ರಾಜ್ಯದ ಸರ್ಕಾರಿ ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ, ಅದರ ಅರ್ಜಿ ನವೆಂಬರ್ ಕೊನೆಗೇ ಹೋಗಿರತ್ತೆ ಅನ್ಕೊಂಡಿದ್ದೀನಿ. ಯುಸಿಯಲ್ಲಿ ಈ ಅರ್ಲಿ ಅನ್ನೋದೇ ಇಲ್ಲ, ಎಸ್‌ಎಟಿ ಕೂಡ ನೋಡಲ್ಲ, ಉತ್ತರ ವಸಂತದಲ್ಲಿ ಬರತ್ತೆ. ಅಂದ್ರೆ ನಿನ್ನ ಕಥೆಯ ದೊಡ್ಡ ಭಾಗ ಇನ್ನೂ ಯಾರೂ ಓದೇ ಇಲ್ಲ.

ಪ್ರಶ್ನೆ: ಮೇಡಂ, ನಮ್ಮ ಮಗಳೂ ಪಕ್ಕದ ಬೀದಿಯ ನಮ್ಮ ಸ್ನೇಹಿತರ ಮಗಳೂ ಕಿಂಡರ್‌ಗಾರ್ಟನ್‌ನಿಂದ ಜೊತೆ. ಇಬ್ಬರೂ ಒಂದೇ ಕಾಲೇಜಿಗೆ ಅರ್ಲಿ ಹಾಕಿದ್ರು, ಆ ಮಗುವಿಗೆ ಸಿಕ್ತು, ಇವಳಿಗೆ ಇಲ್ಲ. ಜನವರಿಯಲ್ಲಿ ಕನ್ನಡ ಕೂಟದ ಸಂಕ್ರಾಂತಿ ಕಾರ್ಯಕ್ರಮ, ಎಲ್ಲರೂ ಕೇಳ್ತಾರೆ, ಇವಳು ಬರಲ್ಲ ಅಂತಿದ್ದಾಳೆ. ನನಗೂ ಹೋಗೋಕೆ ಮನಸ್ಸಿಲ್ಲ, ಸತ್ಯ ಹೇಳ್ಬೇಕು ಅಂದ್ರೆ. ಇವಳ ಜೀವನ ಇನ್ಮೇಲೆ ಒಂದು ಮೆಟ್ಟಿಲು ಕೆಳಗೇ ಉಳಿಯತ್ತಾ ಅಂತ ರಾತ್ರಿ ಎಚ್ಚರ ಆಗತ್ತೆ.
ಒಬ್ಬ ತಂದೆ, ಟೆಕ್ಸಸ್

ಉತ್ತರ: ಸತ್ಯ ಬರೆದಿದ್ದಕ್ಕೆ ನಿಮ್ಮ ಮೇಲೆ ಗೌರವ ಬಂತು. ಮೊದಲು ಮೆಟ್ಟಿಲಿನ ವಿಷಯ. ಸ್ಟೇಸಿ ಡೇಲ್ ಮತ್ತು ಅಲನ್ ಕ್ರೂಗರ್ ಅಂತ ಇಬ್ಬರು ಅರ್ಥಶಾಸ್ತ್ರಜ್ಞರು 1976ರಲ್ಲಿ ಕಾಲೇಜಿಗೆ ಸೇರಿದ ಮಕ್ಕಳ ಮುಂದಿನ ಸಂಪಾದನೆ ನೋಡಿ 2002ರಲ್ಲಿ ಒಂದು ಪ್ರಬಂಧ ಪ್ರಕಟಿಸಿದ್ರು, ಒಂದೇ ಥರದ ಕಾಲೇಜುಗಳಿಗೆ ಹಾಕಿ ಒಂದೇ ಥರದ ಉತ್ತರ ಪಡೆದ ಮಕ್ಕಳಲ್ಲಿ ಹೆಸರಾಂತ ಕಾಲೇಜಿಗೆ ಹೋದವರಿಗೂ ಅಷ್ಟು ಹೆಸರಿಲ್ಲದ ಕಡೆ ಹೋದವರಿಗೂ ಸಂಪಾದನೆಯಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ, ಬಡ ಮನೆಯಿಂದ ಬಂದ ಮಕ್ಕಳಿಗೆ ಮಾತ್ರ ದೊಡ್ಡ ಕಾಲೇಜಿಂದ ಲಾಭ ಆಗಿತ್ತು. 2023ರಲ್ಲಿ ರಾಜ್ ಚೆಟ್ಟಿ ಮತ್ತು ಅವರ ಜೊತೆಯವರು ಮಾಡಿದ ಅಧ್ಯಯನ ಇದಕ್ಕೆ ಇನ್ನೊಂದು ಮುಖ ತೋರಿಸ್ತು, ಸರಾಸರಿ ಸಂಪಾದನೆಯಲ್ಲಿ ಹೆಚ್ಚು ವ್ಯತ್ಯಾಸ ಇಲ್ಲ, ಆದ್ರೆ ತೀರಾ ಮೇಲಿನ ನೂರಕ್ಕೆ ಒಬ್ಬರ ಗುಂಪಿಗೆ ಹೋಗೋ ಅವಕಾಶ ಆ ಕೆಲವೇ ಕಾಲೇಜುಗಳಿಂದ ಹೆಚ್ಚಾಗತ್ತೆ ಅಂತ. ಎರಡನ್ನೂ ಹೇಳ್ತಿದ್ದೀನಿ, ಒಂದನ್ನ ಮುಚ್ಚಿಟ್ಟು ಸಮಾಧಾನ ಹೇಳೋದು ಸರಿಯಲ್ಲ. ನೂರಕ್ಕೆ ಒಬ್ಬರ ಲೆಕ್ಕಕ್ಕೆ ರಾತ್ರಿ ನಿದ್ದೆ ಕೆಡಿಸ್ಕೋಬೇಕಾ ಅನ್ನೋದು ನಿಮಗೇ ಬಿಟ್ಟಿದ್ದು, ನನಗೆ ಬೇಡ ಅನ್ಸತ್ತೆ.

ಕೂಟದ ವಿಷಯಕ್ಕೆ ಬರ್ತೀನಿ. ಈ ಸುದ್ದಿ ಮಗಳದ್ದು, ನಿಮ್ಮದಲ್ಲ. ಯಾರಿಗೆ ಹೇಳ್ಬೇಕು, ಯಾವಾಗ, ಎಷ್ಟು ಅಂತ ಅವಳನ್ನೇ ಕೇಳಿ, ಅವಳು ಹೇಳಿದಷ್ಟೇ ನೀವೂ ನಿಮ್ಮ ಮನೆಯವರೂ ಹೇಳಿ, ಊರಿನ ಫ್ಯಾಮಿಲಿ ಗ್ರೂಪಲ್ಲೂ ಅಷ್ಟೇ. ಯಾರಾದ್ರೂ ಕೇಳಿದ್ರೆ 'ಅರ್ಜಿಗಳು ಇನ್ನೂ ನಡೀತಿವೆ, ಮಾರ್ಚ್ ಕೊನೆಗೆ ಗೊತ್ತಾಗತ್ತೆ' ಅಂದ್ರೆ ಸಾಕು, ಅದು ಸುಳ್ಳೂ ಅಲ್ಲ. ಅದಕ್ಕೂ ಮುಂದೆ ಹೋಗಿ ಯಾವ ಕಾಲೇಜು, ಎಷ್ಟು ಸ್ಕೋರು ಅಂತ ಕೆದಕೋರು ಇರ್ತಾರೆ, ಅವರಿಗೆ ಎಳ್ಳು ಬೆಲ್ಲ ಕೊಟ್ಟು ಮುಂದೆ ಹೋಗಿ. ಮಗಳಿಗೆ ಈ ಸಲ ಬರೋಕೆ ಇಷ್ಟ ಇಲ್ಲ ಅಂದ್ರೆ ಬಿಡಿ, ಒಂದು ಸಂಕ್ರಾಂತಿ ತಪ್ಪಿದ್ರೆ ಏನಾಗತ್ತೆ. ಆದ್ರೆ ನೀವು ಹೋಗಿ, ಹೋಗಿ ಆ ಸ್ನೇಹಿತರಿಗೆ ಮನಸ್ಸಿಟ್ಟು ಅಭಿನಂದನೆ ಹೇಳಿ, ಆ ಮಗು ನಿಮ್ಮ ಮನೇಲೂ ಆಡಿ ಬೆಳೆದದ್ದಲ್ವಾ. ನೀವು ಅವರನ್ನ ತಪ್ಪಿಸ್ಕೊಂಡು ಓಡಾಡೋದು ಮಗಳಿಗೆ ತಿಳಿಯತ್ತೆ, ತನ್ನಿಂದ ಅಪ್ಪನಿಗೆ ತಲೆ ಎತ್ತೋಕಾಗ್ತಿಲ್ಲ ಅನ್ಕೋತಾಳೆ.

ಆ ಇಬ್ಬರು ಹುಡುಗಿಯರ ಮಧ್ಯೆ ಏನಿದೆಯೋ ಅದಕ್ಕೆ ನೀವು ಕೈ ಹಾಕ್ಬೇಡಿ. ಸಿಕ್ಕಿರೋ ಹುಡುಗಿಗೂ ಈಗ ಕಷ್ಟಾನೇ, ಖುಷಿ ಪಡೋಕೂ ಅಂಜಿಕೆ. ಅವರೇ ಒಂದಿನ ಮಾತಾಡ್ಕೋತಾರೆ. ಇಬ್ಬರನ್ನೂ ಪಕ್ಕ ಪಕ್ಕ ಇಟ್ಟು, ಅವಳು ಡಿಬೇಟ್ ಮಾಡಿದ್ಲು ನೀನು ಮಾಡ್ಲಿಲ್ಲ ಅಂತ ಲೆಕ್ಕ ಹಾಕೋ ಕೆಲಸಕ್ಕೆ ಮಾತ್ರ ಯಾರೂ ಇಳೀಬೇಡಿ, ಮೇಲೆ ನ್ಯೂಜೆರ್ಸಿಯ ತಾಯಿಗೆ ಬರೆದಿದ್ದೇ ನಿಮಗೂ.

ಪ್ರಶ್ನೆ: ನನಗೆ ಅರ್ಲಿ ಡಿಸಿಷನ್‌ನಲ್ಲಿ ಸೀಟು ಸಿಕ್ಕಿದೆ. ಮನೇಲಿ ಎಲ್ಲ ಕುಣಿದಾಡಿದ್ರು. ಎರಡು ದಿನ ಆದ್ಮೇಲೆ ಫೈನಾನ್ಷಿಯಲ್ ಏಡ್ ಪತ್ರ ನೋಡಿದ್ರೆ ನಾವು ಅನ್ಕೊಂಡಿದ್ದಕ್ಕಿಂತ ತುಂಬಾ ಕಡಿಮೆ. ಅಪ್ಪನ ಕೆಲಸ ಬೇಸಿಗೆಯಲ್ಲಿ ಹೋಗಿತ್ತು, ಈಗ ಸಿಕ್ಕಿರೋದು ಕಡಿಮೆ ಸಂಬಳದ್ದು. ಅಪ್ಪ ಮನೆ ಮೇಲೆ ಸಾಲ ತೆಗೀತೀನಿ ಅಂತಿದ್ದಾರೆ. ಸಹಿ ಹಾಕಿಬಿಟ್ಟಿದ್ದೀನಿ, ಹೋಗ್ಲೇಬೇಕಾ? ಇದನ್ನೆಲ್ಲ ಮಾಡಿಟ್ಟಿದ್ದು ನಾನೇ ಅನ್ಸತ್ತೆ.
ಹೆಸರು ಬೇಡ

ಉತ್ತರ: ನೀನೇನೂ ಮಾಡಿಟ್ಟಿಲ್ಲ ಮಗು. ಆ ಸಹಿ ಕೋರ್ಟಿನ ಕಟ್ಟಲೆ ಥರ ಅಲ್ಲ, ಕೊಟ್ಟ ಸಹಾಯದಲ್ಲಿ ಮನೆಯವರಿಗೆ ನಿಭಾಯಿಸೋಕಾಗಲ್ಲ ಅಂದ್ರೆ ಒಪ್ಪಂದದಿಂದ ಬಿಡಿಸ್ಕೊಳ್ಳೋಕೆ ಅವಕಾಶ ಇದೆ. ಆದ್ರೆ ಅದಕ್ಕೂ ಮುಂಚೆ ಮಾಡೋ ಕೆಲಸ ಒಂದಿದೆ. ಕಾಲೇಜು ನೋಡೋದು ಸಾಮಾನ್ಯವಾಗಿ ಹಳೇ ವರ್ಷದ ಟ್ಯಾಕ್ಸ್ ಕಾಗದ, ಅದರಲ್ಲಿ ಅಪ್ಪನ ಹಳೇ ಸಂಬಳ ಇರತ್ತೆ. ಕೆಲಸ ಹೋದ ಪತ್ರ, ಹೊಸ ಕೆಲಸದ ಪೇ ಸ್ಲಿಪ್ ಇಟ್ಟು ಇದೇ ವಾರ ಏಡ್ ಆಫೀಸಿಗೆ ಬರೆದು ಮತ್ತೆ ನೋಡಿ ಅಂತ ಕೇಳಿ. ಇದು ಅವರು ದಿನಾ ನೋಡೋ ಕೆಲಸ, ಬೇಡ್ಕೊಂಡ ಹಾಗೆ ಅನ್ಕೋಬೇಡಿ. ಉತ್ತರ ಬರೋ ತನಕ ಬೇರೆ ಕಾಲೇಜುಗಳ ಅರ್ಜಿ ವಾಪಸ್ ತಗೋಬೇಕಾ ಅಂತ ಅವರನ್ನೇ ಕೇಳ್ಕೋ, ಕೌನ್ಸೆಲರ್‌ಗೂ ಹೇಳು, ಮುಚ್ಚುಮರೆ ಮಾಡ್ಬೇಡ. ಜನವರಿ ಅರ್ಜಿಗಳನ್ನ ಬರೆದು ಸಿದ್ಧ ಇಟ್ಕೋ. ಮತ್ತೆ ನೋಡಿದ ಮೇಲೂ ಆಗದಿದ್ರೆ ಬಿಡು, ಮನೆ ಮೇಲೆ ಸಾಲ ಬೇಡ, ಇದನ್ನ ಅಪ್ಪನಿಗೆ ನಾನೇ ಹೇಳ್ದೆ ಅಂತ ಹೇಳು.

ಇದೇ ಪತ್ರ ಓದ್ತಿರೋ ಮುಂದಿನ ವರ್ಷದವರಿಗೆ: 2011ರಿಂದ ಅಲ್ಲಿನ ಕಾಲೇಜುಗಳು ತಮ್ಮ ಸೈಟಲ್ಲಿ ನೆಟ್ ಪ್ರೈಸ್ ಕ್ಯಾಲ್ಕುಲೇಟರ್, ಅಂದ್ರೆ ಸಹಾಯ ಕಳೆದು ನಮ್ಮ ಮನೆಗೆ ಎಷ್ಟು ಖರ್ಚು ಬೀಳತ್ತೆ ಅಂತ ಅಂದಾಜು ತೋರಿಸೋ ಪುಟ, ಇಡಲೇಬೇಕು ಅಂತ ಕೇಂದ್ರ ಸರ್ಕಾರದ ಕಾನೂನಿದೆ. ಅರ್ಲಿ ಡಿಸಿಷನ್‌ಗೆ ಸಹಿ ಹಾಕೋ ಮುಂಚೆ ಅಪ್ಪ ಅಮ್ಮ ಕೂತು ಅದನ್ನ ತುಂಬಿ ನೋಡಿ. ಹಾರ್ವರ್ಡ್, ಪ್ರಿನ್ಸ್‌ಟನ್ 2006ರಲ್ಲಿ ಅರ್ಲಿನೇ ನಿಲ್ಲಿಸ್ತೀವಿ ಅಂತ ಘೋಷಿಸಿದ್ವು, ಅನುಕೂಲ ಇರೋ ಮನೆಯ ಮಕ್ಕಳಿಗೇ ಇದು ಹೆಚ್ಚು ಲಾಭ ಅಂತ ಕಾರಣ ಕೊಟ್ಟು, 2011ರಲ್ಲಿ ಎರಡೂ ವಾಪಸ್ ತಂದ್ವು. ಅವತ್ತು ಹೇಳಿದ ಕಾರಣ ಸುಳ್ಳಾಗಿದೆ ಅಂತ ನನಗೆ ಅನ್ಸಲ್ಲ.

ಪ್ರಶ್ನೆ: ಮೊದಲನೇದು ಇಲ್ಲ ಅಂತ ಬಂತು. ಈಗ ಅರ್ಲಿ ಡಿಸಿಷನ್ ಎರಡನೇ ಸುತ್ತು ಅಂತ ಇದೆಯಲ್ಲ, ಹಾಕಲಾ? ಹತ್ತೇ ದಿನ ಇದೆ.
ಓದುಗ, ಇಲಿನಾಯ್

ಉತ್ತರ: ಎರಡನೇ ಸುತ್ತು ವ್ಯಾಂಡರ್‌ಬಿಲ್ಟ್, ಎಮೊರಿ, ಟಫ್ಟ್ಸ್, ಯೂನಿವರ್ಸಿಟಿ ಆಫ್ ಶಿಕಾಗೋ ಥರದ ಕೆಲವು ಕಡೆ ಇದೆ, ಜನವರಿ ಮೊದಲ ವಾರ ಅರ್ಜಿ, ಫೆಬ್ರವರಿ ಮಧ್ಯದ ಹೊತ್ತಿಗೆ ಉತ್ತರ, ಸಿಕ್ಕಿದ್ರೆ ಸೇರಲೇಬೇಕು. ಅಕ್ಟೋಬರ್‌ನಲ್ಲೇ ಆ ಕಾಲೇಜು ನಿನ್ನ ಮೆಚ್ಚಿನ ಪಟ್ಟಿಯಲ್ಲಿ ಎರಡನೇ ಜಾಗದಲ್ಲಿತ್ತಾ? ಇದ್ದಿದ್ರೆ ಹಾಕು. ಗಾಯಕ್ಕೆ ಬಟ್ಟೆ ಸುತ್ತೋ ಹಾಗೆ ಈಗ ಹುಡುಕಿದ್ದಾದ್ರೆ ಬೇಡ, ಮಾಮೂಲಿ ಸುತ್ತಲ್ಲೇ ಹಾಕಿ ಏಪ್ರಿಲ್‌ನಲ್ಲಿ ಆರಿಸ್ಕೋ.

ಪ್ರಶ್ನೆ: ನಾನು ಧಾರವಾಡದಲ್ಲಿರುವ ನಿವೃತ್ತ ಮೇಷ್ಟ್ರು. ಮೊಮ್ಮಗ ಬಾಸ್ಟನ್ ಹತ್ತಿರ ಇದ್ದಾನೆ. ಅವನಿಗೆ ಬೇಕಿದ್ದ ಕಾಲೇಜು ಸಿಗಲಿಲ್ಲವಂತೆ, ವಿಡಿಯೋ ಕಾಲ್‌ಗೆ ಬರುತ್ತಿಲ್ಲ. ನಾನು ಏನು ಹೇಳಿದರೆ ಅವನಿಗೆ ಧೈರ್ಯ ಬರಬಹುದು?
ಒಬ್ಬ ಅಜ್ಜ

ಉತ್ತರ: ಸರ್, ಧೈರ್ಯ ಹೇಳೋರು ಅವನಿಗೆ ಈಗ ತುಂಬಾ ಜನ ಇದ್ದಾರೆ, ಎಲ್ಲರೂ ಅದೇ ಮಾತು ಹೇಳ್ತಿರ್ತಾರೆ, ಆದದ್ದೆಲ್ಲಾ ಒಳಿತೇ ಆಯಿತು ಅಂತ. ನೀವು ಕಾಲೇಜಿನ ಸುದ್ದಿನೇ ಎತ್ತಬೇಡಿ. ಅವನಿಗೆ ಚಿಕ್ಕವನಿದ್ದಾಗ ನಿಮ್ಮ ಜೊತೆ ಮಾಡೋಕೆ ಇಷ್ಟ ಇದ್ದದ್ದು ಏನಾದ್ರೂ ಇತ್ತಾ? ಚದುರಂಗ, ಹಕ್ಕಿ ನೋಡೋದು, ನಿಮ್ಮ ಹಳೇ ಶಾಲೆಯ ಕಥೆ, ಏನಿದ್ರೂ ಆದೀತು. ಇವತ್ತು ಒಂದು ಸಣ್ಣ ವಾಯ್ಸ್ ಮೆಸೇಜ್ ಕಳಿಸಿ, ಅದರದ್ದೇ ಮಾತು, ಉತ್ತರ ಬೇಕು ಅಂತ ಕೇಳ್ಬೇಡಿ. ನಾಳೆ ಇನ್ನೊಂದು. ನಿಮ್ಮ ಬೆಳಿಗ್ಗೆ ಏಳು ಗಂಟೆಗೆ ಅವನಿಗೆ ಹಿಂದಿನ ರಾತ್ರಿ ಎಂಟೂವರೆ, ಊಟ ಆಗಿ ರೂಮಿಗೆ ಹೋಗಿ ಬಾಗಿಲು ಹಾಕ್ಕೊಂಡಿರೋ ಹೊತ್ತು. ಆ ಹೊತ್ತಿಗೇ ಕಳಿಸಿ.